ರುಮಾಲಿನ ಕೆಳಗಿನ ಕೈ

ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ದಲಾಲನೂ ಕೈಗೆ ಕೈ ಕೊಡುತ್ತಾರೆ, ಮೇಲೆ ಒಂದು ರುಮಾಲು ಹಾಕುತ್ತಾರೆ, ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ತಿಳಿಸುತ್ತಾರೆ. ಮುಖದ ಮೇಲೆ ಏನೂ ಕಾಣಬಾರದು. ದರ ಒಪ್ಪಿಗೆಯಾಗದಿದ್ದರೆ ಕೈ ಎಳೆದುಕೊಂಡರಾಯಿತು, ಸೌದಾ ಮುರಿದಂತೆ. ಕೈ ಕೈಯಲ್ಲಿರುವ ತನಕ ಮುರಿದಿಲ್ಲ. ಒಳಗೆ ಏನು ನಡೆಯಿತೆಂದು ಮೂರನೆಯವನು ಕೇಳುವಂತಿಲ್ಲ. ನಾನು ಈ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ದಲಾಲ. ಎದುರಿಗೆ ಕೂತವನ ಮನಸ್ಸನ್ನು ಅವನ ಬೆರಳಿನ ಬಿಗಿಯಲ್ಲೇ ಹೇಳಬಲ್ಲೆನೆಂದು ಮೀಸೆ ತಿರುವುತ್ತಿದ್ದವನು. ನನ್ನ ಮಗಳ ಮನಸ್ಸು ಮಾತ್ರ ನನಗೆ ತಿಳಿಯಲಿಲ್ಲ.

ಇದನ್ನು ಬರೆಯಲು ಕಾರಣ ಖಂಡೇರಾಜುರಿಯ ಒಬ್ಬ ರೈತ. ಜೈನರವನು, ಪ್ರತಿ ವರ್ಷ ನನ್ನ ಅಡತಿ ಅಂಗಡಿಗೇ ಅರಿಶಿನ ತರುವವನು. ಈ ಸಲ ಚೀಲ ಇಳಿಸಿದ ಮೇಲೂ ಹೋಗದೆ ನಿಂತ. ಕಡೆಗೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ.

"ಶಿವಲಿಂಗಪ್ಪಣ್ಣಾರ, ನನ್ನ ಮಗಳು ಗ್ವಾಡಿಗೆ ಮಾರಿ ಮಾಡಿ ಮಲಗಿ ಬಿಟ್ಟಾಳ್ರಿ. ಮಾತಿಲ್ಲ, ಕತಿ ಇಲ್ಲ. ನಿಮ್ಮ ಮನ್ಯಾಗೂ ಹಿಂಗ ಆಗಿತ್ತಂತ ಕೇಳೇನಿ. ನೀವು ಏನ್ ಮಾಡಿದ್ರಿ?"

ಪೇಟೆಯ ಗದ್ದಲದಲ್ಲಿ ನಿಂತು ಕೊಡುವ ಉತ್ತರವಲ್ಲ ಅದು. ಮಗಳನ್ನು ಒಂದು ದಿನ ಮನೆಗೆ ಕರೆದುಕೊಂಡು ಬಾ ಎಂದೆ. ಅಂದಿನಿಂದ ಹಳೆಯದೆಲ್ಲ ಮತ್ತೆ ಎದ್ದು ಕೂತಿದೆ.

ನಮಗೆ ನೀಲಾ ಒಬ್ಬಳೇ ಮಗಳು. ಸಣ್ಣವಳಿದ್ದಾಗ ನಾನು ಪೇಟೆಯಿಂದ ಬಂದು ಕೂತರೆ ಸಾಕು, ತೊಡೆಯ ಹತ್ತಿರ ಬಂದು ನನ್ನ ಹೆಗಲ ರುಮಾಲು ಎಳೆದು ಕೈಮೇಲೆ ಹಾಕುತ್ತಿದ್ದಳು. ಎಷ್ಟು ಉಂಡಿ ತಿಂದೆ ಎಂದು ನಾನು ಬಾಯಲ್ಲಿ ಕೇಳಬೇಕು, ಅವಳು ಬೆರಳಲ್ಲಿ ಹೇಳಬೇಕು. ಮುಖ ಮಾತ್ರ ಗಂಭೀರ. ಒಳ್ಳೆಯ ದಲಾಲಳಾಗುತ್ತಾಳೆ ಎಂದು ನಾನು ನಗುತ್ತಿದ್ದೆ. ಹುಡುಗಿಗೆ ಪೇಟೆಯ ಆಟ ಕಲಿಸಬೇಡಿ ಎಂದು ನನ್ನ ಹೆಂಡತಿ ಪಾರ್ವತಿ ಒಳಗಿನಿಂದಲೇ ಗದರುತ್ತಿದ್ದಳು.

ನೀಲಾ ದೊಡ್ಡವಳಾದ ಮರುವರ್ಷದ ಬೇಸಿಗೆಯಲ್ಲಿ ಅವಳಿಗೆ ರೋಗ ಬಂತು. ಬಂದಾಗ ಅದು ರೋಗದ ಹಾಗೆ ಬರಲಿಲ್ಲ. ಎಲ್ಲರಿಗಿಂತ ಮೊದಲೇ ಎದ್ದು ನಮ್ಮ ಅಂಗಳವಷ್ಟೇ ಅಲ್ಲ, ಇಡೀ ಓಣಿಯ ಅಂಗಳ ಕಸಗುಡಿಸುವಳು. ಹಾಡುವಳು. ಒಂದು ಮಾತು ಮುಗಿಯುವುದರೊಳಗೆ ಇನ್ನೊಂದು ಶುರು ಮಾಡುವಳು. ತನ್ನ ಬಳೆಗಳನ್ನು ಬಿಚ್ಚಿ ಹೂವು ಮಾರುವ ಗಂಗಾಬಾಯಿಗೆ ಕೊಟ್ಟಳು. ಕಣ್ಣುಗಳಲ್ಲಿ ಎಂಥದೋ ಹೊಳಪು. ಮೊದಲೆಲ್ಲ ಮಂದಿಯನ್ನು ಕಂಡರೆ ಬಾಗಿಲ ಹಿಂದೆ ನಿಲ್ಲುತ್ತಿದ್ದ ಹುಡುಗಿ, ಈಗ ಊರ ಹಿರಿಯರನ್ನು ಹೆಸರು ಹಿಡಿದು ಕರೆದು ಕಟ್ಟೆಯ ಮೇಲೆ ಕೂಡಿಸುವಳು.

"ಕೂಸಿನ ಮೈಮ್ಯಾಲೆ ದೇವಿ ಬಂದಾಳ," ಎಂದು ನನ್ನ ಅವ್ವ ಆರತಿ ಎತ್ತಿದಳು.

ಒಂದು ದಿನ ನನ್ನ ಗೆಳೆಯ ಗುರುಸಿದ್ದಪ್ಪ ಚೇಷ್ಟೆಗೆ ಕೇಳಿದ, "ಏನವಾ ನೀಲವ್ವ, ನನ್ನ ಹಗೇವು ಯಾವಾಗ ತಗೀಲಿ?" ನಮ್ಮ ಕಡೆ ಅರಿಶಿನವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಾರೆ, ಮರಾಠಿಯಲ್ಲಿ ಪೇವ್ ಅನ್ನುತ್ತಾರೆ. ಬಾಯಿ ಸಣ್ಣದು, ಒಳಗೆ ಮನೆಯಷ್ಟು ಜಾಗ. ಯಾವಾಗ ತೆಗೆದು ಮಾರಬೇಕು ಅನ್ನುವುದರಲ್ಲೇ ವ್ಯಾಪಾರಿಯ ಬದುಕೆಲ್ಲ ಇದೆ. ನೀಲಾ ಅವನ ಕಡೆ ತಿರುಗಿಯೂ ನೋಡದೆ "ಇವತ್ತ ತಗೀರಿ ಕಾಕಾ" ಎಂದಳು. ಅವನು ತೆಗೆದ, ಮಾರಿದ. ಮುಂದಿನ ವಾರ ದರ ಬಿತ್ತು.

ಅಷ್ಟೇ ಸಾಕಾಯಿತು. ಪೇಟೆಯ ಗಣ್ಯರು ತೆಂಗಿನಕಾಯಿ ಹಿಡಿದು ನಮ್ಮ ಕಟ್ಟೆಗೆ ಬರತೊಡಗಿದರು. ಬೆರಳಿನ ತುದಿಯಲ್ಲಿ ಒಂದು ಪೈ ಬಿಡದವರು, ಎಂಥ ಮುಖವನ್ನೂ ನಂಬದವರು, ನಿದ್ದೆಯಿಲ್ಲದೆ ಬಳಲಿದ ಒಂದು ಹುಡುಗಿಯ ಬಾಯಿಯಿಂದ ದರದ ಮಾತು ಉದುರುವುದನ್ನು ಕಾಯುತ್ತ ಕೂತರು. ನನಗೂ ಹಿಗ್ಗಾಗಿತ್ತು. ಮಗಳು ಚೆಲುವೆಯಾಗಿ ಕಾಣುತ್ತಿದ್ದಳು, ಮನೆ ತುಂಬ ಮಂದಿ. ಯಾವ ತಂದೆಗೆ ಬೇಡ?

ಪಾರ್ವತಿಗೆ ಬೇಡವಾಗಿತ್ತು. ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು.

"ಏನ್ರಿ, ಕೂಸು ನಿದ್ದಿ ಮಾಡವಲ್ದು. ದೇವಿ ಬಂದ್ರ ನಿದ್ದಿ ಯಾಕ ಬರಬಾರ್ದು?"

ನಾನು ತಲೆ ಎತ್ತದೆ ಅನ್ನ ಕಲಸಿದೆ.

ಆಮೇಲೆ ಬಂದ ಒಬ್ಬ ವ್ಯಾಪಾರಿಗೆ ನೀಲಾ "ಈಗಿಂದೀಗ ತಗೀರಿ, ನಿಂದ್ರಬ್ಯಾಡ್ರಿ" ಎಂದಳು. ಅವನು ಟಾಂಗಾ ಹತ್ತಿ ಹೊಳೆ ದಂಡೆಯ ಹರಿಪುರಕ್ಕೆ ಓಡಿದ, ಅವನ ಹಗೇವು ಅಲ್ಲಿತ್ತು. ಹಗೇವು ತೆಗೆದ ಕೂಡಲೆ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಬಿಡಬೇಕು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಉರಿದರೆ ಮನುಷ್ಯ ಇಳಿಯಬೇಕು. ಇದನ್ನು ಅಲ್ಲಿನ ಮಕ್ಕಳೂ ಬಲ್ಲರು. ಆದರೆ ದೇವಿ ಈಗಿಂದೀಗ ಅಂದಿದ್ದಳಲ್ಲ. ಸಖಾರಾಮ ಎಂಬ ಹಮಾಲ ದೀಪಕ್ಕಿಂತ ಮೊದಲು ಇಳಿದ. ಅವನನ್ನು ಮೇಲೆ ತೆಗೆದಾಗ ಜೀವವಿರಲಿಲ್ಲ.

ಪೇಟೆಯಲ್ಲಿ ಅವತ್ತು ಯಾರೂ ಜೋರಾಗಿ ಮಾತಾಡಲಿಲ್ಲ. ಮನೆಯಲ್ಲಿ ನೀಲಾಳಿಗೆ ತಿಳಿಯಬಾರದೆಂದು ಎಲ್ಲರ ಬಾಯಿ ಹೊಲಿದೆವು. ಗಂಗಾಬಾಯಿ ಹೂವು ಕೊಡಲು ಬಂದವಳು ಏನೂ ಅರಿಯದೆ ಹೇಳಿಬಿಟ್ಟಳು.

ಮೊದಲು ಹಾಡು ನಿಂತಿತು, ಆಮೇಲೆ ಮಾತು. ನೀಲಾ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ತಲೆ ಬಾಚಲು ಬಿಡಲಿಲ್ಲ. ಪಾರ್ವತಿ ತುತ್ತು ಮಾಡಿ ಬಾಯಿಗಿಟ್ಟರೆ ಅದು ಕೆನ್ನೆಯಲ್ಲೇ ಉಳಿಯುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂದೇ ಮಾತು.

"ಅಂವ ಕೆಳಗ ಇನ್ನೂ ಅದಾನಪ್ಪಾ. ಯಾರರ ದೀಪ ಬಿಡ್ರಿ."

ಆ ಮಾತು ಕೇಳಿದಾಗ ನನ್ನ ಕಾಲ ಕೆಳಗಿನ ನೆಲ ಟೊಳ್ಳಾದಂತೆ ಆಗುತ್ತಿತ್ತು. ನಮ್ಮ ಮನೆಯ ಪಡಸಾಲೆಯ ಕೆಳಗೂ ಹಿಂದಿನವರು ತೋಡಿಸಿದ ಒಂದು ಹಳೆಯ ಹಗೇವು ಇತ್ತು. ಬರಿದು, ಕಲ್ಲು ಮುಚ್ಚಿದ್ದು. ಅದರ ಮೇಲೆ ಚಾಪೆ ಹಾಸಿ ಉಣ್ಣುತ್ತಿದ್ದವರು ನಾವು. ಆ ಬೇಸಿಗೆಯಲ್ಲಿ ಚಾಪೆಯನ್ನು ಬೇರೆ ಕಡೆ ಹಾಸತೊಡಗಿದೆವು.

ಕಟ್ಟೆ ಬರಿದಾಯಿತು. ತೆಂಗಿನಕಾಯಿ ತಂದವರೇ ಓಣಿಯ ಆಚೆ ಬದಿಯಿಂದ ನಡೆದರು. ನೆಂಟರು ಮಾತ್ರ ಬಂದರು, ಬುದ್ಧಿ ಹೇಳಲು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು ಕೆಲವರು. ದೂರದ ಊರಿನ ಹುಚ್ಚರ ದವಾಖಾನೆಗೆ ಬಿಟ್ಟುಬನ್ನಿ ಎಂದ ಒಬ್ಬ, ಅದೂ ನಮ್ಮ ಮನೆಯ ಹೋಳಿಗೆ ತಿನ್ನುತ್ತ. ಅವ್ವ ಮಠದ ವಿಭೂತಿ ತಂದಳು. ಪಾರ್ವತಿ ಮಿರಜಿನ ದರ್ಗಾದಿಂದ ದಾರ ತಂದು ಕಟ್ಟಿದಳು. ಯಾವುದಕ್ಕೂ ನೀಲಾ ಬೇಡ ಅನ್ನಲಿಲ್ಲ. ಅವಳು ಕೈ ಚಾಚಿ ಕಟ್ಟಿಸಿಕೊಂಡ ರೀತಿ ನೋಡಿ ನನಗೆ ಅಳು ಬಂತು.

ಕಡೆಗೆ ಮಿರಜಿನ ಒಬ್ಬ ದೊಡ್ಡ ಡಾಕ್ಟರರ ಹತ್ತಿರ ಹೋದೆವು. ಸಾಂಗ್ಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ಬೇರೆ ರಾಜರ ಊರು, ನಮ್ಮನ್ನು ಗುರುತಿಸುವವರು ಇರಲಿಕ್ಕಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ದವಾಖಾನೆಯ ಪಡಸಾಲೆಗೆ ಕಾಲಿಟ್ಟರೆ ನನ್ನ ಅರ್ಧ ಗಿರಾಕಿಗಳು ಅಲ್ಲೇ ಕೂತಿದ್ದರು.

ಅಲ್ಲಿ ಕಾಯುವುದೇ ಒಂದು ಬೇರೆ ಲೋಕ. ಹೊತ್ತು ಹೋಗದೆ ಮಂದಿ ತಮ್ಮ ತಮ್ಮ ನೋವು ತೋರಿಸಿಕೊಳ್ಳುತ್ತಾರೆ. ಒಬ್ಬ ಬಾತ ಕಾಲು ಮುಂದೆ ಚಾಚುತ್ತಾನೆ, ಇನ್ನೊಬ್ಬಳು ಕೊರಳಿನ ಗಡ್ಡೆ ಮುಟ್ಟಿಸುತ್ತಾಳೆ. ನೋವು ತೋರಿಸುವ ಸರದಿ ನಮಗೆ ಬಂದಾಗ ಎಲ್ಲರೂ ನೀಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹುಡುಗಿಗೆ ಏನಾಗಿದೆ? ತೋರಿಸಲು ನಮ್ಮ ಹತ್ತಿರ ಒಂದು ಗಾಯವೂ ಇರಲಿಲ್ಲ. ಮೈಯೆಲ್ಲ ನೆಟ್ಟಗಿರುವ ಮಗಳನ್ನು ಇಟ್ಟುಕೊಂಡು ನಾನು ಕಳ್ಳನ ಹಾಗೆ ತಲೆ ತಗ್ಗಿಸಿ ಕೂತೆ.

ನೀಲಾಳ ಪಕ್ಕದಲ್ಲಿ ಬೇಡಗದಿಂದ ಬಂದ ಒಬ್ಬ ಮುದುಕಿ ಕೂತಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಮಗ್ಗುಲಿನವರ ತಲೆಗೂದಲು ಕೈಗೆ ತಾಗಿರಬೇಕು, ತಡವಿ ನೋಡಿದಳು. ಗಂಟು ಗಂಟು.

"ಅಗಬಾಯಿ! ಯಾರವ್ವ ನೀ? ಬಾ, ಹಿಂಗ ತಿರುಗು," ಎಂದು ತನ್ನ ಚೀಲದಿಂದ ಹಣಿಗೆ ತೆಗೆದಳು.

ನಾನು ಎದ್ದು ನಿಂತೆ. ಹೆತ್ತ ತಾಯಿಗೇ ತಲೆ ಮುಟ್ಟಲು ಬಿಡದವಳು. ನೀಲಾ ಮೆಲ್ಲಗೆ ತಿರುಗಿ ಬೆನ್ನು ಕೊಟ್ಟಳು. ಮುದುಕಿ ಕಣ್ಣು ಕಾಣದೆ ಬರೀ ಕೈಯಿಂದಲೇ ಒಂದೊಂದೇ ಗಂಟು ಬಿಡಿಸುತ್ತ ಹೋದಳು. ಏನಾಗಿದೆ ಎಂದು ಕೇಳಲಿಲ್ಲ. ತನ್ನ ಎಮ್ಮೆಯ ಕಥೆ ಹೇಳಿದಳು, ಸೊಸೆಯನ್ನು ಬೈದಳು. ಜಡೆ ಮುಗಿಯುವ ಹೊತ್ತಿಗೆ ಪಾರ್ವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆ ಮುದುಕಿಯ ಹೆಸರು ಕೇಳುವುದೂ ನಮಗೆ ಹೊಳೆಯಲಿಲ್ಲ.

ಡಾಕ್ಟರರು ಬಹಳ ಹೊತ್ತು ನೋಡಿದರು. ಪೇಟೆಯ ಕಥೆಯನ್ನೂ ಕೇಳಿದರು. ದೇವಿಯೂ ಅಲ್ಲ, ದೆವ್ವವೂ ಅಲ್ಲ ಎಂದರು. ಆ ಹಿಗ್ಗೂ ಈ ಮಂಕೂ ಒಂದೇ ರೋಗದ ಎರಡು ಮುಖವಂತೆ. ಸಖಾರಾಮ ಬದುಕಿದ್ದರೂ ಇದು ಬರುತ್ತಿತ್ತು ಎಂದರು. ನನಗೆ ಅದು ಪೂರ್ತಿ ನಂಬಿಗೆಯಾಗಿಲ್ಲ, ಇವತ್ತಿಗೂ.

"ಔಷಧ ಏನ್ರಿ ಸಾಹೇಬರ?" ಎಂದೆ.

"ನಿದ್ರೆಗೆ ಕೊಡುತ್ತೇನೆ. ಇದನ್ನು ಕೀಳುವ ಔಷಧ ನನ್ನ ಹತ್ತಿರ ಇಲ್ಲ," ಎಂದರು. ಅವರ ಇಂಗ್ಲಿಷ್ ಮಾತನ್ನು ಅಲ್ಲಿನ ನರ್ಸಬಾಯಿ ನಮಗೆ ಕನ್ನಡದಲ್ಲಿ ತಿಳಿಸಿದಳು. "ತಾನ ಇಳೀತೈತಂತ್ರಿ. ಮತ್ತ ಬಂದರೂ ಬರಬಹುದಂತ. ಅಲ್ಲೀ ತನಕ ಹುಡಿಗಿ ಜೀವ ಕಾಯ್ಕೋಬೇಕಂತ. ಒಬ್ಬಾಕಿನ್ನ ಬಿಡಬ್ಯಾಡ್ರಿ ಅಂತಾರ."

ಜೀವ ಕಾಯುವುದು. ಅದೊಂದೇ ಕೆಲಸ ನಮ್ಮ ಪಾಲಿಗೆ ಉಳಿದದ್ದು. ನಾನು ಪೇಟೆಗೆ ಹೋದರೆ ಪಾರ್ವತಿ ಕೂರುತ್ತಿದ್ದಳು, ಅವಳು ಒಲೆಯ ಮುಂದೆ ಹೋದರೆ ಅವ್ವ. ಕಾಯುವವರೂ ಮನುಷ್ಯರೇ. ಒಂದು ಮಧ್ಯಾಹ್ನ ಅವ್ವನಿಗೆ ಜೊಂಪು ಹತ್ತಿತು. ಪಾರ್ವತಿ ಬಂದು ನೋಡಿದರೆ ಹಾಸಿಗೆ ಬರಿದು, ಹಿತ್ತಲ ಬಾಗಿಲು ತೆರೆದಿತ್ತು.

ಪಾರ್ವತಿ ಅದುವರೆಗೆ ಪೇಟೆಗೆ ಕಾಲಿಟ್ಟವಳಲ್ಲ. ಅವತ್ತು ತಲೆಯ ಮೇಲೆ ಸೆರಗಿಲ್ಲದೆ, ಕಾಲಲ್ಲಿ ಚಪ್ಪಲಿ ಇಲ್ಲದೆ ಚೀಲಗಳ ನಡುವೆ ಓಡಿಬಂದಳು. ನಾನು ಒಬ್ಬ ವ್ಯಾಪಾರಿಯ ಕೈ ಹಿಡಿದು ಕೂತಿದ್ದೆ. ಅವಳ ಮುಖ ನೋಡಿ ಕೈ ಎಳೆದುಕೊಂಡು ಎದ್ದೆ. ಎಲ್ಲಿ ಹುಡುಕಬೇಕೆಂದು ಇಬ್ಬರಿಗೂ ಗೊತ್ತಿತ್ತು. ಆ ಜಾಗದ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಟಾಂಗಾದವನಿಗೆ ಹೊಳೆಯ ಕಡೆ ಕೈ ತೋರಿಸಿದೆ.

ಹರಿಪುರದ ದಾರಿಯಲ್ಲಿ ಎರಡೂ ಕಡೆ ದೊಡ್ಡ ಮರಗಳು. ನೆರಳು ದಟ್ಟ. ನನಗೆ ಆ ದಾರಿ ಅವತ್ತಿನಷ್ಟು ತಣ್ಣಗೆ ಎಂದೂ ಅನ್ನಿಸಿಲ್ಲ.

ಅವತ್ತು ಒಂದು ಹಗೇವು ತೆಗೆದಿದ್ದರು. ಗಾಳಿಯಾಡಲೆಂದು ಬಾಯಿ ತೆರೆದಿಟ್ಟು ಹಮಾಲರು ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ನೀಲಾ ಆ ಬಾಯಿಯ ಅಂಚಿನಲ್ಲಿ ಕೂತಿದ್ದಳು, ಕಾಲು ಒಳಗೆ ಇಳಿಬಿಟ್ಟು. ಬೇಡಗದ ಮುದುಕಿ ಹಾಕಿದ ಜಡೆ ಇನ್ನೂ ಹಾಗೇ ಇತ್ತು. ಒಳಗಿನಿಂದ ಬೆಚ್ಚಗಿನ ಕಮಟು ವಾಸನೆ ಬರುತ್ತಿತ್ತು.

ಪಾರ್ವತಿ ಕೂಗಲು ಬಾಯಿ ತೆರೆದಳು. ನಾನು ಅವಳ ಬಾಯಿ ಮುಚ್ಚಿದೆ. ಕೂಗಿದರೆ ಏನಾಗುತ್ತದೋ. ಓಡಿದರೆ ಏನಾಗುತ್ತದೋ. ನಾನು ಮೆಲ್ಲಗೆ ನಡೆದು, ಪೇಟೆಯಲ್ಲಿ ಗಿರಾಕಿಯ ಮುಂದೆ ಕೂರುವ ಹಾಗೆ, ಅವಳ ಪಕ್ಕದಲ್ಲಿ ಕೂತೆ. ಕೈ ತಾನಾಗಿ ಹೆಗಲ ರುಮಾಲಿಗೆ ಹೋಯಿತು. ಅವಳ ಕೈ ಹಿಡಿದು ಮೇಲೆ ಬಟ್ಟೆ ಹಾಕಿದೆ.

ಅವಳ ಬೆರಳು ಅಲುಗಲಿಲ್ಲ. ನಾನು ಏನು ಕೇಳಲಿ? ಎಷ್ಟು ಉಂಡಿ ತಿಂದೆ ಎಂದು ಕೇಳುವ ವಯಸ್ಸಲ್ಲ. ಸುಮ್ಮನೆ ಹಿಡಿದು ಕೂತೆ. ಕೈ ತಣ್ಣಗಿತ್ತು. ದರ ಹೇಳಲಿಲ್ಲ. ಆದರೆ ಎಳೆದುಕೊಳ್ಳಲೂ ಇಲ್ಲ. ಆ ಕ್ಷಣ ಈ ಲೋಕದಲ್ಲಿ ನನಗಿದ್ದ ಆಸ್ತಿ ಅದೊಂದೇ.

ನೀಲಾ ಒಳಗೆ ನೋಡುತ್ತಲೇ ಕೇಳಿದಳು.

"ದೀಪ ಬಿಟ್ಟಾರೇನಪ್ಪಾ?"

"ಇನ್ನೂ ಇಲ್ಲವಾ. ನಾವ ಬಿಡೂಣೇನು?"

ಹಮಾಲರು ಊಟ ಬಿಟ್ಟು ದೂರದಲ್ಲಿ ನಿಂತಿದ್ದರು. ಅವರಲ್ಲೊಬ್ಬ ಹಗ್ಗ ಕಟ್ಟಿದ ದೀಪ ತಂದು ಕೊಟ್ಟ. ನನ್ನ ಒಂದು ಕೈ ರುಮಾಲಿನ ಕೆಳಗೇ ಇತ್ತು. ಅವಳ ಬಿಡುವಿದ್ದ ಕೈಯೂ ನನ್ನ ಬಿಡುವಿದ್ದ ಕೈಯೂ ಕೂಡಿ ಹಗ್ಗ ಇಳಿಬಿಟ್ಟವು. ದೀಪ ಸ್ವಲ್ಪ ಕೆಳಗಿಳಿದು ಆರಿತು.

"ತಡೀಯವಾ," ಎಂದೆ. "ಗಾಳಿ ಆಡಲಿ. ಮತ್ತ ಬಿಡೂಣು."

ಕೂತೆವು. ಪಾರ್ವತಿ ಹಿಂದಿನಿಂದ ಬಂದು ಮಗಳ ಸೊಂಟಕ್ಕೆ ಕೈ ಸುತ್ತಿ ಕೂತಳು. ಬಿಸಿಲು ಹೊಳೆಯ ಆಚೆ ದಡಕ್ಕೆ ಸರಿಯಿತು. ಎರಡನೆಯ ಸಲವೂ ದೀಪ ಆರಿತು. ಆಮೇಲೊಮ್ಮೆ ಬಿಟ್ಟಾಗ ಅದು ಇಳಿಯುತ್ತ ಇಳಿಯುತ್ತ ತಳ ಮುಟ್ಟಿತು, ಉರಿಯುತ್ತಲೇ ಇತ್ತು. ನೀಲಾ ಬಗ್ಗಿ ನೋಡಿದಳು. ನಾನೂ ನೋಡಿದೆ. ಕೆಳಗೆ ಯಾರಾದರೂ ಕಂಡರೆ ಎಂದು ನಾನೂ ಹೆದರಿದ್ದೆ. ಕಂಡದ್ದು ಅರಿಶಿನ, ಬರೀ ಅರಿಶಿನ.

"ಯಾರೂ ಇಲ್ಲ," ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಕಾಲು ಮೇಲಕ್ಕೆಳೆದುಕೊಂಡು ತಾಯಿಯ ತೊಡೆಯ ಮೇಲೆ ತಲೆ ಇಟ್ಟಳು.

ಅವತ್ತೇ ಗುಣವಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಹಾಗಾಗಲಿಲ್ಲ. ಮರುದಿನ ಮತ್ತೆ ಗೋಡೆಗೇ ಮುಖ. ಮಳೆಗಾಲ ಪೂರ್ತಿ ಹಾಗೇ ಹೋಯಿತು. ಆದರೆ ನನಗೆ ಒಂದು ದಾರಿ ಸಿಕ್ಕಿತ್ತು. ದಿನಾ ಬೆಳಿಗ್ಗೆ ಪೇಟೆಗೆ ಹೋಗುವ ಮೊದಲು ಅವಳ ಹಾಸಿಗೆಯ ಹತ್ತಿರ ಕೂತು ರುಮಾಲು ಹಾಕುತ್ತಿದ್ದೆ. "ಇವತ್ತಿನ ದರ ಏನವಾ?" ಮೊದಮೊದಲು ಬೆರಳು ಸತ್ತಂತೆ ಬಿದ್ದಿರುತ್ತಿತ್ತು. ಒಂದು ದಿನ ನನ್ನ ಕಿರುಬೆರಳ ತುದಿ ಹಿಡಿದಳು. ಪೇಟೆಯಲ್ಲಿ ಅದಕ್ಕಿಂತ ಕೆಳಗಿನ ದರವಿಲ್ಲ. ನಾನು ಪಡಸಾಲೆಗೆ ಬಂದು ಕುಣಿಯುವುದೊಂದು ಬಾಕಿ. ಅಷ್ಟು ನೋವಿದೆ ಎಂದು ಮಗಳು ಹೇಳಿದ್ದಕ್ಕೆ ಹಿಗ್ಗಿದ ತಂದೆ ಇನ್ನೊಬ್ಬ ಇರಲಿಕ್ಕಿಲ್ಲ.

ಬಾಯಿಯಿಂದ ಕೇಳಿದರೆ ಅವಳು ಹೇಳುತ್ತಿರಲಿಲ್ಲ. ಕೇಳುವವರ ಮುಖ ನೋಡಬೇಕಲ್ಲ. ತನ್ನ ಮಾತು ನಂಬಿ ಒಬ್ಬ ಸತ್ತ ಮೇಲೆ ಅವಳಿಗೆ ಮಾತೆಂದರೇ ಹೆದರಿಕೆ. ಬಟ್ಟೆಯ ಕೆಳಗೆ ಮಾತಿಲ್ಲ, ಮುಖವಿಲ್ಲ.

ಈಗ ವರ್ಷಗಳಾದವು. ನೀಲಾ ನಮ್ಮೊಂದಿಗೇ ಇದ್ದಾಳೆ. ಒಳ್ಳೆಯ ದಿನಗಳಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ, ನನ್ನ ಮೀಸೆಯನ್ನು ಗೇಲಿ ಮಾಡುತ್ತಾಳೆ. ರೋಗ ಹೋಗಿಲ್ಲ. ಹೊಸ ಅರಿಶಿನ ಪೇಟೆಗೆ ಬಂತೆಂದರೆ ನನಗೂ ಪಾರ್ವತಿಗೂ ಭಯ. ಮಗಳು ಜೋರಾಗಿ ನಕ್ಕರೂ ಹೆದರುತ್ತೇವೆ, ಸುಮ್ಮನಿದ್ದರೂ ಹೆದರುತ್ತೇವೆ. ಎಷ್ಟೋ ಮನೆಗಳಲ್ಲಿ ಮಗಳ ನಗೆ ಹಬ್ಬ. ನಮ್ಮ ಮನೆಯಲ್ಲಿ ಅದನ್ನು ಕಿವಿಗೊಟ್ಟು ಕೇಳಿ, ಅಳತೆ ನೋಡಿ, ಆಮೇಲೆ ನಗುತ್ತೇವೆ. ಸಖಾರಾಮ ಕೂಡ ಹೋಗಿಲ್ಲ. ಅವನ ಮುಖವನ್ನು ನಾನು ಸರಿಯಾಗಿ ನೋಡಿದವನೂ ಅಲ್ಲ, ಆದರೂ ಹಗೇವು ತೆಗೆದ ವಾಸನೆ ಬಂದರೆ ಪಕ್ಕದಲ್ಲಿ ಯಾರೋ ನಿಂತ ಹಾಗಾಗುತ್ತದೆ. ನಾನು ಹೋದ ಮೇಲೆ ಈ ಕೈ ಹಿಡಿಯುವವರು ಯಾರು ಅನ್ನುವ ಚಿಂತೆ ಬೇರೆ.

ಖಂಡೇರಾಜುರಿಯ ರೈತ ಮೊನ್ನೆ ಮಗಳನ್ನು ಕರೆತಂದ. ಹನ್ನೆರಡೋ ಹದಿಮೂರೋ ವಯಸ್ಸು, ಹೆಸರು ಪದ್ಮಾ. ಪಡಸಾಲೆಯ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಳು. ನಾವು ಏನು ಕೇಳಿದರೂ ನೆಲ ನೋಡಿದಳು. ಹೊತ್ತುಗೆಟ್ಟು ಬಂದರೆಂದು ನನಗೆ ಚಿಂತೆ, ಯಾಕೆಂದರೆ ನೀಲಾಳಿಗೇ ಆ ವಾರ ಮಂಕು ಹಿಡಿದಿತ್ತು. ಬೆಳಿಗ್ಗೆ ನನಗೆ ಕೊಟ್ಟ ದರ ಬಹಳ ಕೆಳಗಿನದು. ಅವಳನ್ನು ಎಬ್ಬಿಸುವುದು ಬೇಡ ಎಂದು ಪಾರ್ವತಿ ಕಣ್ಣಲ್ಲೇ ಹೇಳಿದಳು.

ಹಿಂದಿನ ಕೋಣೆಯ ಬಾಗಿಲು ತಾನೇ ತೆರೆಯಿತು. ನೀಲಾ ಗೋಡೆ ಹಿಡಿದು ಹೊರಗೆ ಬಂದಳು. ತಲೆ ಬಾಚಿರಲಿಲ್ಲ. ಹುಡುಗಿಯನ್ನು ಒಂದು ಗಳಿಗೆ ನೋಡಿದಳು. ನನ್ನ ಹೆಗಲಿನಿಂದ ರುಮಾಲು ಎಳೆದುಕೊಂಡು ಹೋಗಿ ಅವಳೆದುರಿಗೆ ನೆಲದ ಮೇಲೆ ಕೂತಳು.

"ಕೈ ಕೊಡು. ಮಾತಾಡೂದು ಏನೂ ಬ್ಯಾಡ," ಎಂದಳು.

ಪದ್ಮಾ ಕೈ ಕೊಟ್ಟಳು. ಬಟ್ಟೆ ಬಿತ್ತು. ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿದ್ದರು. ಸ್ವಲ್ಪ ಹೊತ್ತಿನ ಮೇಲೆ ರುಮಾಲು ಸಣ್ಣಗೆ ಅಲುಗಿತು, ಮತ್ತೆ ನಿಂತಿತು, ಮತ್ತೆ ಅಲುಗಿತು.

ರೈತ ನನ್ನ ತೋಳು ಹಿಡಿದ. "ಏನ್ ಹೇಳಿದಳ್ರಿ? ನನ್ನ ಮಗಳು ಏನ್ ಹೇಳಿದಳು?"

"ಅದನ್ನ ನಾವು ಕೇಳಬಾರದ್ರಿ," ಎಂದೆ.

ಪಾರ್ವತಿ ಚಹಾ ತಂದಿಟ್ಟಳು. ಚಹಾ ಆರಿತು. ಹೊರಗೆ ಅವನ ಎತ್ತುಗಳು ಗಾಡಿಯ ಹತ್ತಿರ ಕಾಲು ಕೆದರುತ್ತಿದ್ದವು. ಊರಿಗೆ ಹೊರಡುವ ಹೊತ್ತಾಯಿತೆಂದು ಅವನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ರುಮಾಲಿನ ಕೆಳಗೆ ಇಬ್ಬರಲ್ಲಿ ಯಾರೂ ಇನ್ನೂ ಕೈ ಎಳೆದುಕೊಂಡಿರಲಿಲ್ಲ.